ತನ್ನನ್ನೇ ಕರೆಯುವ ಪುಟ

ಗುರುವಾರ, ೧೪ ನವೆಂಬರ್

ಅವನ ಮುಖ ಇನ್ನೂ ಕಣ್ಣ ಮುಂದೆಯೇ ಇದೆ. ಇರಲಿ.

ಪಿಡಿಎಫ್ ಫೈಲ್ ತೆರೆಯುವ ನಮ್ಮ ಕಂಪನಿಯ ಪ್ರೋಗ್ರಾಂನಲ್ಲಿ ಒಂದು ತೂತಿದೆ ಎಂದು ಹೋದ ವರ್ಷವೇ ಮ್ಯಾನೇಜರ್‌ಗೆ ಹೇಳಿದ್ದೆ. ಫೈಲಿನ ಒಂದು ಪುಟ ತನ್ನನ್ನೇ ತನ್ನ ಒಳಪುಟವೆಂದು ತೋರಿಸಿದರೆ, ಪ್ರೋಗ್ರಾಂ ಗಾಣದೆತ್ತಿನ ಹಾಗೆ ಅಲ್ಲೇ ಸುತ್ತಿ ಸುತ್ತಿ ಸರ್ವರ್ ಮಲಗಿಬಿಡುತ್ತದೆ. "ಅಂಥ ಫೈಲ್ ಮಾಡೋಕೆ ಯಾರಿಗಮ್ಮ ಪುರುಸೊತ್ತು?" ಎಂದು ಎಲ್ಲರೆದುರು ನಕ್ಕಿದ್ದ.

ಸೋಮವಾರ ಯಾರೋ ಪುರುಸೊತ್ತು ಮಾಡಿಕೊಂಡರು. ನಮ್ಮ ಪ್ರೋಗ್ರಾಂ ಬಳಸುವ ಒಂದು ಆಸ್ಪತ್ರೆಯಲ್ಲಿ ರೋಗಿಗಳ ವರದಿಗಳೇ ತೆರೆಯಲಿಲ್ಲ. ಕೂತು ಸರಿಪಡಿಸಿದವಳು ನಾನು. ಒಮ್ಮೆ ನೋಡಿದ ಪುಟಕ್ಕೆ ಗುರುತು ಹಾಕಿ, ಅದೇ ಮತ್ತೆ ಎದುರಾದರೆ ಫೈಲನ್ನೇ ತಿರಸ್ಕರಿಸುವಂತೆ ಮಾಡಿದೆ. ಇವತ್ತು ಆಸ್ಪತ್ರೆಯವರ ಮುಂದೆ ಅವನು, "ಈ ದೋಷ ಪತ್ತೆ ಹಚ್ಚಿದ್ದು ನಾನೇ" ಎಂದ.

ಮೈಯೆಲ್ಲ ಉರಿಯಿತು. ದನಿ ಮಾತ್ರ ಬೆಣ್ಣೆಯಂತೆ ಬಂತು. "ಸರ್, ಹೇಗೆ ಪತ್ತೆ ಹಚ್ಚಿದ್ರಿ ಅಂತ ಸ್ವಲ್ಪ ಹೇಳಿ. ಅವರಿಗೂ ಅರ್ಥ ಆಗ್ಲಿ."

ಅವನು ನೀರು ಕುಡಿದ. ಮೆಮೊರಿ ಎಂದ, ಆಮೇಲೆ ನೆಟ್‌ವರ್ಕ್ ಎಂದ. ಆಸ್ಪತ್ರೆಯ ವೈದ್ಯೆ ಪೆನ್ನು ಕೆಳಗಿಟ್ಟು, "ಹಾಗಾದ್ರೆ ಸರಿಮಾಡಿದ್ದು ಯಾರು?" ಎಂದು ಕೇಳಿದರು. ಎಲ್ಲರೂ ನನ್ನತ್ತ ತಿರುಗಿದರು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. "ಹೋದ ವರ್ಷ ನಾನು ಹೇಳಿದಾಗ ಸರ್ ನಕ್ಕಿದ್ರು" ಎಂದೂ ಸೇರಿಸಿದೆ.

ಅಕ್ಕ ಫೋನಿನಲ್ಲಿ ಎಲ್ಲ ಕೇಳಿ, "ಈಗ ಸಮಾಧಾನ ಆಯ್ತಾ?" ಎಂದಳು. ಆಯ್ತು ಎಂದೆ. ಸುಳ್ಳು. ಸಂಜೆ ಲಿಫ್ಟಿನಲ್ಲಿ ಅವನು ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ಪಾಪ ಅನ್ನಿಸಬೇಕಿತ್ತು. ಲಿಫ್ಟು ಇನ್ನೂ ನಿಧಾನವಾಗಿ ಇಳಿಯಲಿ ಅನ್ನಿಸಿತು. ಕಣ್ಣು ಎಳೆಯುತ್ತಿದೆ, ಆದರೂ ಅವನ ಮುಖ ಇನ್ನೂ...