ಬುದ್ಧನಿಗೆ ಬೆನ್ನು

ಖಾರಘರ
9 ಫೆಬ್ರವರಿ 2015, ಸೋಮವಾರ

ಮಗ ದಿಲೀಪನಿಗೆ ಕಳವಾ ಚಾಳಿನ ಚಂದ್ರಬಾಯಿ ಬರೆಯುವುದು,

ತಾಯಿಯಾದವಳು ಹೆಸರು ಹಾಕಿ ಸುರುಮಾಡಿದ್ದಕ್ಕೆ ಕಾರಣವಿದೆ. ನಾನು ಯಾರೆಂಬುದು ನಿನಗೆ ಮರೆತ ಹಾಗಿದೆ. ಗೋದಾಮಿನಲ್ಲಿ ಚೀಲ ಹೊತ್ತು, ಆಮೇಲೆ ಹಮಾಲರ ಮೇಲೆ ಮುಕಾದಮನಾದ ಮಾಪಣ್ಣನ ಹೆಂಡತಿ ನಾನು. ಗುಲ್ಬರ್ಗಾದ ನಮ್ಮ ಓಣಿಯಲ್ಲಿ ಮೆಟ್ರಿಕ್ ಪಾಸಾದ ಮೊದಲ ಹುಡುಗಿ. ಕಳವಾ ಊರಿನ ನಮ್ಮ ಬುದ್ಧವಿಹಾರದ ಮಹಿಳಾ ಮಂಡಳಕ್ಕೆ ಅಧ್ಯಕ್ಷೆ. ಚಾಳಿನಲ್ಲಿ ಜಗಳವಾದರೆ ಪೊಲೀಸರಿಗಿಂತ ಮೊದಲು ನನ್ನನ್ನು ಕರೆಯುತ್ತಾರೆ. ಫೋನ್ ಮಾಡಿದರೆ ನೀನು “ಮೀಟಿಂಗ್ ಮೇ ಹೂಂ, ಆಯಿ” ಎಂದು ಇಟ್ಟುಬಿಡುತ್ತೀ. ನಾಲ್ಕನೆಯ ತನಕ ಕನ್ನಡ ಶಾಲೆಗೆ ಹೋದವನು ನೀನು. ಅಕ್ಷರ ಕೂಡಿಸಿಕೊಂಡು ಓದು.

ಮಂಡಳದ ಹೆಂಗಸರ ಜೊತೆ ಶ್ರೀಲಂಕಾಕ್ಕೆ ಹೋಗಿ ನಿನ್ನೆ ಬಂದೆ. ಹೇಗಿತ್ತೆಂದು ನೀನು ಕೇಳಲಿಲ್ಲ. ಬಸ್ಸಿನ ಡ್ರೈವರು ದಾರಿಬದಿಯ ಬುದ್ಧನ ಗುಡಿ ಬಂದರೆ ಇಳಿದು, ಡಬ್ಬಿಗೆ ಚಿಲ್ಲರೆ ಹಾಕಿ, ಕೈಮುಗಿದೇ ಮುಂದೆ ಹೋಗುತ್ತಾನೆ. ಬೆಳಗಿನ ತಿಂಡಿಯ ಕಾಯಿ ಚಟ್ನಿಗೂ ಒಣಮೀನು ಕುಟ್ಟಿ ಹಾಕುತ್ತಾರೆ. ಚಾಳಿನಲ್ಲಿ ನನ್ನ ಪಕ್ಕದ ಖೋಲಿಯ ಬಾಲಮ್ಮ, “ಬೌದ್ಧರಿದ್ದು ಮೀನ ತಿಂತಾರಲ್ಲೇ ಇವರು” ಎಂದಳು. “ಮತ್ತ ನೀ ಮನ್ಯಾಗ ಏನ್ ತಿಂತಿ?” ಎಂದೆ. ಅವಳು ಇನ್ನೊಂದು ಸಲ ಚಟ್ನಿ ಹಾಕಿಸಿಕೊಂಡಳು.

ಹುಣ್ಣಿಮೆಗೆ ಅನುರಾಧಪುರದಲ್ಲಿದ್ದೆವು. ಎಲ್ಲಿ ನೋಡಿದರೂ ಬಿಳಿ ಬಟ್ಟೆ. ಮುದುಕರು, ಶಾಲೆಯ ಹುಡುಗಿಯರು, ರಜೆಯ ಮೇಲಿದ್ದ ಸಿಪಾಯಿಗಳು, ಎಲ್ಲರ ಕೈಯಲ್ಲೂ ನೀಲಿ ನೈದಿಲೆ. ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತ ನಡೆಯುವಾಗ ಬಾಲಮ್ಮ, “ಇಲ್ಲಿ ಎಲ್ಲಾರೂ ನಮ್ಮವರೇ ಇದ್ದಂಗ ಅದಾರಲ್ಲೇ, ಯಾರ್ಗೂ ಅಂಜಿಕೀನೇ ಇಲ್ಲ” ಎಂದಳು. ಇಲ್ಲೂ ಜಾತಿ ಇದೆ, ಭಿಕ್ಷುಗಳಲ್ಲೂ ಇದೆ ಎಂದು ಗೈಡ್ ಹೇಳಿದ. ಇರಬಹುದು, ನಾನು ಕುರುಡಿಯಲ್ಲ. ಆದರೆ ಬಿಳಿ ಸೀರೆ ಉಟ್ಟೆನೆಂದು ಅಲ್ಲಿ ನನ್ನನ್ನು ಯಾರೂ ಒಳಕೋಣೆಗೆ ಕಳಿಸಲಿಲ್ಲ.

ನೀನು ಕಳಿಸಿದ್ದೆ. ಈ ಫ್ಲ್ಯಾಟಿನ ಗೃಹಪ್ರವೇಶದ ದಿನ ನಾನು ಬಿಳಿ ಸೀರೆ ಉಟ್ಟು ಬಾಬಾಸಾಹೇಬರ ಫೋಟೊ ಹಿಡಿದು ಬಂದಾಗ, “ಆಯಿ, ಅದು ಒಳಗಿರಲಿ, ನೀನೂ ಸ್ವಲ್ಪ ಅಲ್ಲೇ ಕೂತಿರು, ಸೊಸೈಟಿಯವರು ಬರ್ತಾರೆ” ಎಂದೆ. ನಾನು ಕೂತೆ. ಫೋಟೊ ಕಪಾಟು ಸೇರಿತು.

ಪೊಲೊನ್ನರುವದಲ್ಲಿ ಬಂಡೆಯಲ್ಲಿ ಕೆತ್ತಿದ ಬುದ್ಧ ಮಲಗಿದ್ದಾನೆ, ನಮ್ಮ ಚಾಳಿನ ಅರ್ಧದಷ್ಟು ಉದ್ದ. ಫೋಟೊಕ್ಕೆಂದು ಅವನ ಮುಂದೆ ನಿಂತೆ. ಕಾವಲಿನವನು ಸೀಟಿ ಊದುತ್ತ ಓಡಿಬಂದ. ಬುದ್ಧನಿಗೆ ಬೆನ್ನು ಮಾಡಿ ನಿಲ್ಲಬಾರದಂತೆ. ಚಾಳಿನ ಮಕ್ಕಳಿಗೆಲ್ಲ ಬುದ್ಧವಂದನೆ ಹೇಳಿಕೊಟ್ಟವಳಿಗೆ ಇವನು ಕಲಿಸುತ್ತಾನೆಯೇ ಎಂದು ಮೈ ಉರಿಯಿತು. “ನೋಡ್ರಿ, ಅಧ್ಯಕ್ಷರಿಗೇ ಸೀಟಿ ಹೊಡದಾನ” ಎಂದು ಬಾಲಮ್ಮ ನಕ್ಕಳು. ಬಸ್ಸಿನಲ್ಲಿ ಕುಳಿತ ಮೇಲೆ ನಿನ್ನ ಮನೆ ನೆನಪಾಯಿತು. ನಿನ್ನ ಚಪ್ಪಲಿ ಸ್ಟ್ಯಾಂಡಿನ ಮೇಲೂ ಒಬ್ಬ ಬುದ್ಧನಿದ್ದಾನೆ. ಮಾಲ್‌ನಿಂದ ತಂದ ಬರೀ ತಲೆ. ಬಂದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆ, ನೀನೂ ಹಿಗ್ಗುತ್ತೀ. ಅಲಂಕಾರದ ಬುದ್ಧನಿಗೆ ಯಾರೂ ಜಾತಿ ಕೇಳುವುದಿಲ್ಲ. ಅವನು ನನ್ನ ಜೊತೆ ಬಂದರೆ ಕೇಳುತ್ತಾರೆ.

ನಿನ್ನ ಅಂಜಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಪೂರ್ತಿ ಹೆಸರು ಕೇಳಿದ ಮೇಲೆ ಬಾಡಿಗೆ ಮನೆ ಎರಡು ಸಲ ಕೈತಪ್ಪಿತು. ಅವತ್ತು ನೀನು ಉಣ್ಣದೆ ಮಲಗಿದ್ದನ್ನು ನಾನು ನೋಡಿದ್ದೇನೆ. ಆದರೆ ಈ ಮನೆ ನಿನ್ನದು. ಸ್ವಂತ ಮನೆಯಲ್ಲೂ ಅಡಗಿ ಕೂರುವುದಾದರೆ ಕಳವಾ ಚಾಳಿನ ಖೋಲಿಯೇ ಮೇಲು. ಅಲ್ಲಿ ಬಾಗಿಲು ತೆರೆದೇ ಇರುತ್ತದೆ.

ಆದ್ದರಿಂದ ಇವತ್ತು ನೀನು ಆಫೀಸಿಗೆ ಹೋದ ಮೇಲೆ ಬಂದೆ. ಒಳಗೆ ಹೇಗೆ ಬಂದೆಯೆಂದು ಕೇಳಬೇಡ. ಚಪ್ಪಲಿಗಳ ಮೇಲಿದ್ದ ಬುದ್ಧನನ್ನು ಒರೆಸಿ ಹಾಲ್‌ನ ಮೇಜಿನ ಮೇಲಿಟ್ಟಾಯಿತು. ಬಾಬಾಸಾಹೇಬರ ಫೋಟೊ ಬಾಗಿಲೆದುರಿನ ಗೋಡೆ ಏರಿತು. ಮೊಳೆಯ ಸದ್ದಿಗೆ ಎದುರು ಮನೆಯವಳು ಬಂದು “ಆಪ್ ಕೌನ್, ಮೌಸೀಜಿ?” ಎಂದಳು. ದಿಲೀಪನ ತಾಯಿ ಎಂದೆ, ಊರು ಹೇಳಿದೆ, ನಾವು ಬೌದ್ಧರು ಎಂದೆ. ಅವಳು ಫೋಟೊ ನೋಡಿದಳು, “ಅಚ್ಛಾ” ಎಂದು ಹೋಗಿ ಬಾಗಿಲು ಹಾಕಿಕೊಂಡಳು. ಹಾಕಿಕೊಳ್ಳಲಿ. ಇನ್ನು ನೀನು ಮುಚ್ಚಿಡಬೇಕಾದ್ದು ಏನೂ ಉಳಿದಿಲ್ಲ.

ನಿನ್ನ ಅವ್ವ,
ಚಂದ್ರಬಾಯಿ ಮಾಪಣ್ಣ

ತಾ.ಕ.: ಬಾಗಿಲು ತೆರೆದವಳು ಸೋನಾಲಿ. ಬೆಳಿಗ್ಗೆ ತನಗೆ ತಲೆನೋವೆಂದು ನಿನ್ನ ಹತ್ತಿರ ಹೇಳಿ ಅವಳು ರಜೆ ಹಾಕಿದ್ದು ಇದಕ್ಕೇ. ನಿನ್ನ ಹೆಂಡತಿಯ ಮೇಲೆ ರೇಗಬೇಡ. ಅಡುಗೆಮನೆ ಪಕ್ಕದ ಗೋಡೆ ಸಾಕು, ಹೊರಗಿನವರಿಗೆ ಕಾಣುವುದಿಲ್ಲ ಎಂದು ನಾನೇ ಹೇಳಿದ್ದೆ. “ತಿಥೇ ನಕೋ, ಆಯಿ”, ಅಲ್ಲಿ ಬೇಡ ಎಂದು ಅವಳು ಸ್ಟೂಲನ್ನು ಎಳೆದು ತಂದು ಬಾಗಿಲೆದುರು ಇಟ್ಟಳು. ಮೊಳೆ ಹೊಡೆದವಳೂ ಅವಳೇ. ನಾನು ಸ್ಟೂಲು ಹಿಡಿದಿದ್ದೆ.