ಆಡಿ ಅಮಾವಾಸ್ಯೆಯ ಆರು ಮಾತ್ರೆ

ನೆಗಮಂ,
ಆಗಸ್ಟ್ 12, 2025, ಮಂಗಳವಾರ

ಪ್ರೀತಿಯ ತಮ್ಮ ಕುಮರೇಶಾ,

ಹೇಗಿದ್ದೀಯಪ್ಪಾ? ಮೊಣಕಾಲು ನೋವು ಇಳಿಯಿತೋ, ಇಲ್ಲ ಈಗಲೂ ಮಗ್ಗದಿಂದ ಏಳುವಾಗ ಸತ್ತುಹೋದ ಅವ್ವನನ್ನು ಕೂಗಿ ಕರೆಯುತ್ತೀಯೋ? ಗೋಕಿಲಾ, ಮಕ್ಕಳು ಚೆನ್ನಾಗಿದ್ದಾರೆಯೇ? ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಯ ಕೆಲಸ ನಡೆಯುತ್ತಿದೆಯೇ? ಇಲ್ಲಿ ನಿನ್ನ ಭಾವ ಗುಂಡುಕಲ್ಲಿನ ಹಾಗೆ ಇದ್ದಾರೆ, ಕಿವಿ ಮಾತ್ರ ಸ್ವಲ್ಪ ಮಂದ. ನಾನು ಬೈಯುವಾಗಲೇ ಹೆಚ್ಚು ಮಂದವಾಗುತ್ತದೆ, ಅದೇನು ಮಾಯವೋ. ಮೊಮ್ಮಗಳು ಕೃತ್ತಿಕಾ ಪೊಳ್ಳಾಚಿಯ ಕಾಲೇಜಿಗೆ ಹೋಗಿಬರುತ್ತಿದ್ದಾಳೆ. ಫೋನಿರುವಾಗ ಕಾಗದ ಯಾಕೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನಾನು ಒಂದು ಮಾತು ಹೇಳುವಷ್ಟರಲ್ಲಿ ನೀನು ಹತ್ತು ಹೇಳುತ್ತಿದ್ದೆ, ಹನ್ನೊಂದನೆಯದಕ್ಕೆ ಕಟ್ ಮಾಡುತ್ತಿದ್ದೆ. ಕಾಗದವನ್ನು ಕಟ್ ಮಾಡಲಾಗದು. ಮೂರು ವರ್ಷದಿಂದ ನೀನು ನನ್ನ ಜೊತೆ ಮಾತು ಬಿಟ್ಟಿದ್ದೀ, ಈಗ ಸುಮ್ಮನೆ ಕೂತು ಪೂರ್ತಿ ಓದು.

ಗೆದ್ದೆ ಕಣೋ! ಮೊದಲು ಅದನ್ನೇ ಬರೆದುಬಿಡುತ್ತೇನೆ. ನಿನ್ನೆ ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನಿನ ಫಲಿತಾಂಶ ಹೇಳಿದರು. ಕರುಳಿನಲ್ಲಿ ಇಲ್ಲ, ಲಿವರಿನಲ್ಲಿ ಇಲ್ಲ, ಎಲ್ಲೂ ಇಲ್ಲ. ಲಿವರಿನ ಆಪರೇಷನ್ ಆಗಿ ಎರಡೂವರೆ ವರ್ಷವಾಯಿತು, ಆ ಹಾಳು ರೋಗ ಮತ್ತೆ ಮುಖ ತೋರಿಸಿಲ್ಲ. ಡಾಕ್ಟರ್ ಮೋಹನ್ ರಾಜ್ ಯಾವತ್ತೂ ಹಲ್ಲು ಬಿಡದ ಮನುಷ್ಯ, ನಿನ್ನೆ ನಕ್ಕರು. ನಿನ್ನ ಭಾವ ಅಲ್ಲೇ ಕುರ್ಚಿಯ ಮೇಲೆ ಕೂತು ಮಗುವಿನ ಹಾಗೆ ಅತ್ತುಬಿಟ್ಟರು, ಮಾನ ಕಳೆದರು. ಬರುವಾಗ ಉಕ್ಕಡಂ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಮಲ್ಲಿಗೆ ಕೊಂಡು ಮುಡಿದೆ. ಹೊಸದಾಗಿ ಬಂದ ಕೂದಲು ಗುಂಗುರಾಗಿದೆ, ಹೂವು ನಿಲ್ಲುವುದಿಲ್ಲ, ಆದರೂ ಮುಡಿದೆ.

ಈಗ ನೀನು ಅಂದದ್ದನ್ನು ನಿನಗೇ ನೆನಪಿಸುತ್ತೇನೆ. 2022ರಲ್ಲಿ ಕರುಳಿನ ಗಡ್ಡೆ ತೆಗೆದ ಮೇಲೆ ಲಿವರಿನಲ್ಲಿ ಎರಡು ಚುಕ್ಕೆ ಇವೆ ಎಂದರು. ಆ ಚುಕ್ಕೆಗಳು ಚಿಕ್ಕದಾದರೆ ಕತ್ತರಿಸಿ ತೆಗೆಯಬಹುದು, ಆಗದಿದ್ದರೆ ಇಲ್ಲ, ಅಷ್ಟೇ ಲೆಕ್ಕ. ಎಲ್ಲರಿಗೂ ಕೊಡುವುದು ಎರಡು ಮದ್ದು: ಒಂದು ಡ್ರಿಪ್ಪು, ಒಂದು ಮಾತ್ರೆ. ಅದರ ಜೊತೆಗೆ ಇನ್ನೊಂದು ಡ್ರಿಪ್ಪು ಸೇರಿಸಿ ಮೂರು ಮಾಡಿದರೆ ಚುಕ್ಕೆ ಇನ್ನೂ ಬೇಗ ಕುಗ್ಗುತ್ತದೆಯೇ ಎಂದು ನೋಡುವ ಪರೀಕ್ಷೆ ನಡೆಯುತ್ತಿದೆ, ಸೇರುತ್ತೀರಾ ಎಂದು ಕೇಳಿದರು. ಯಾರಿಗೆ ಎರಡು, ಯಾರಿಗೆ ಮೂರು ಎಂದು ಕಂಪ್ಯೂಟರ್ ಆರಿಸುತ್ತದೆಯಂತೆ, ಡಾಕ್ಟರ ಕೈಯಲ್ಲೂ ಇಲ್ಲ. ನಿನ್ನ ಭಾವ ತಕ್ಷಣ, ಮಾರಿಯಮ್ಮನ ಗುಡಿಯಲ್ಲಿ ಕೆಂಪು ಹೂವು ಬಿಳಿ ಹೂವು ಪೊಟ್ಟಣ ಕಟ್ಟಿ ಕೇಳೋಣ ಎಂದು ಎದ್ದರು. ಕೂತುಕೊಳ್ಳಿ ಎಂದೆ. ಕೃತ್ತಿಕಾ ಹತ್ತೊಂಬತ್ತು ಪುಟದ ತಮಿಳು ಫಾರಂ ಪೂರ್ತಿ ಓದಿ ಹೇಳಿದಳು. ಬೇಡವೆನಿಸಿದ ದಿನ ಬಿಟ್ಟು ಹೋಗಬಹುದು, ಬಿಟ್ಟರೂ ಮಾಮೂಲಿ ಮದ್ದು ಕೊಡುತ್ತಾರೆ ಎಂಬ ಸಾಲನ್ನು ಮೂರು ಸಲ ಓದಿಸಿಕೊಂಡು ಸಹಿ ಹಾಕಿದೆ. ಆವತ್ತು ಸಂಜೆ ನೀನು ಫೋನಿನಲ್ಲಿ ಏನಂದೆ? "ಅಕ್ಕಾ, ನಿನ್ನ ಇಲಿ ಮಾಡ್ತಾವ್ರೆ, ಬುದ್ಧಿ ಇಲ್ವಾ ನಿಂಗೆ" ಎಂದೆ. ಸಹಿ ವಾಪಸ್ ತಗೊಳ್ಳದಿದ್ದರೆ ಮುಖ ನೋಡುವುದಿಲ್ಲ ಎಂದೆ. ನೋಡಲೂ ಇಲ್ಲ. ಆ ಆಪರೇಷನ್ ದಿನ ಬಾಗಿಲ ಕಡೆಗೇ ಕಣ್ಣಿಟ್ಟಿದ್ದೆ. ಇರಲಿ.

ಕಂಪ್ಯೂಟರ್ ನನಗೆ ಮೂರು ಮದ್ದು ಕೊಟ್ಟಿತು. ಮೊದಲ ದಿನ ಡ್ರಿಪ್ಪು, ಆಮೇಲೆ ಹದಿನಾಲ್ಕು ದಿನ ಬೆಳಿಗ್ಗೆ ಮೂರು ಸಂಜೆ ಮೂರು ಮಾತ್ರೆ, ಆಮೇಲೆ ಏಳು ದಿನ ವಿರಾಮ, ಮತ್ತೆ ಮೊದಲಿಂದ. ಸುಖವಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ವಾಂತಿ, ಭೇದಿ, ಕೂದಲು ಕೈಗೆ ಕೈಗೆ ಬರುವುದು. ಎಲ್ಲಕ್ಕಿಂತ ತಣ್ಣಗಿನದು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದ ಹಾಗಾಗುತ್ತಿತ್ತು. ಲಾಳಿಗೆ ಹಾಕುವ ನೂಲು ಒದ್ದೆಯಿರಬೇಕಲ್ಲವೇ, ಅದನ್ನು ಮುಟ್ಟಿ ಮೊದಲ ದಿನ ಕಿರುಚಿಬಿಟ್ಟೆ. ಆಮೇಲೆ ನಿನ್ನ ಭಾವ ನೂಲು ನೆನೆಸುವ ನೀರನ್ನು ಒಲೆಯ ಮೇಲಿಟ್ಟು ಬೆಚ್ಚಗೆ ಮಾಡಿ ತಂದುಕೊಡುತ್ತಿದ್ದರು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ನನಗಾಗಿ ಒಂದು ಲೋಟ ನೀರು ಕಾಯಿಸದ ಮನುಷ್ಯ! ಮಾತ್ರೆ ನುಂಗಿದ್ದನ್ನು ದಿನವೂ ಗುರುತು ಹಾಕಲು ಆಸ್ಪತ್ರೆಯವರು ಒಂದು ಡೈರಿ ಕೊಟ್ಟಿದ್ದರು. ಮಿಕ್ಕ ಮಾತ್ರೆ, ಮಾತ್ರೆ ತೆಗೆದ ಖಾಲಿ ಪಟ್ಟಿ ಎಲ್ಲವನ್ನೂ ಮುಂದಿನ ಸಲ ತಂದು ತೋರಿಸಬೇಕು.

ಇಲ್ಲೇ ನಾನು ಒಂದು ಘನಕಾರ್ಯ ಮಾಡಿದ್ದು. ಮೊದಲ ಸುತ್ತಿನ ಒಂಬತ್ತನೆಯ ದಿನ ಆಡಿ ಅಮಾವಾಸ್ಯೆ ಬಂತು, ನಿಮ್ಮ ಕಡೆ ಭೀಮನ ಅಮಾವಾಸ್ಯೆ ಎನ್ನುತ್ತಾರಲ್ಲ, ಅದೇ. ನಮ್ಮ ಮನೆಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗದ ಗುಂಡಿಗೆ ಕಾಲಿಡುವುದಿಲ್ಲ ಎಂದು ನಿನಗೆ ಹೇಳಬೇಕೇ? ಅಪ್ಪ ಇದ್ದಾಗ ಅವತ್ತು ದಾರವನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಹಿರಿಯರಿಗೆ ಎಡೆ ಇಟ್ಟು, ಕೈಕಟ್ಟಿ ಕೂರುವುದು. ನಾನೂ ಹಾಗೇ ಕೂತೆ. ಕೂತವಳಿಗೆ, ಒಳಗೆ ನಡೆಯುತ್ತಿರುವ ಕೆಲಸಕ್ಕೂ ಇವತ್ತು ರಜೆ ಕೊಡಬೇಡವೇ ಎನ್ನಿಸಿತು. ಒಳ್ಳೆಯ ಕೆಲಸ, ಅಮಾವಾಸ್ಯೆಯಂದು ನಡೆಸಿದರೆ ಕೆಟ್ಟೀತು ಎಂದು ಭಯ. ಆರೂ ಮಾತ್ರೆಯನ್ನು ಹಾಗೇ ಪಟ್ಟಿಯಲ್ಲಿ ಬಿಟ್ಟೆ. ಡೈರಿಯ ಆ ದಿನದ ಚೌಕದಲ್ಲಿ ಒಂದು ಸೊನ್ನೆ ಹಾಕಿದೆ. ದೊಡ್ಡ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ಎರಡನೆಯ ಸುತ್ತಿಗೆ ಹೋದ ದಿನ ವಾರ್ಡಿನಲ್ಲಿ ಪಕ್ಕಕ್ಕೆ ಕೂತವಳು ರಾಮಾತಾಳ್. ಸೋಮನೂರಿನವಳು, ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ನೇಕಾರ ಜನವೇ, ಮನೆ ಹಿಂದೆ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್, ಅವಳದೂ ಇದೇ ಪರೀಕ್ಷೆ. ನನ್ನ ಪಟ್ಟಿ ನೋಡಿದವಳೇ ಎದೆ ಹಿಡಿದುಕೊಂಡಳು. "ಅಯ್ಯೋ ರುಕ್ಮಣಿ, ಇದ ತೋರಿಸ್ದೆ ಅಂದ್ರೆ ಹೆಸರು ಹೊಡೆದಾಕ್ತಾರೆ. ನಾನೂ ಅವತ್ತು ನುಂಗ್ಲಿಲ್ಲ, ಬಸ್ಸಲ್ಲಿ ಬರ್ತಾ ಉಕ್ಕಡಂ ಕೆರೇಗೆ ಬಿಸಾಕ್ಬುಟ್ಟೆ. ನೀನು ಕಕ್ಕೂಸಲ್ಲಿ ಹಾಕಿ ನೀರು ಬಿಡು, ಡೈರೀಲಿ ಗುರುತು ಹಾಕ್ಬುಡು" ಎಂದಳು. ಹೆಸರು ಹೊಡೆದರೆ ಮೂರನೆಯ ಮದ್ದು ಹೋಗುತ್ತದೆ, ಚುಕ್ಕೆ ಕುಗ್ಗುವ ಆಸೆಯೂ ಅದರ ಜೊತೆ ಹೋಗುತ್ತದೆ ಎಂದೇ ನಾನು ನಂಬಿದ್ದೆ. ಕೃತ್ತಿಕಾಳ ಮದುವೆ ನೋಡಬೇಕು ನನಗೆ, ಸಾಯಲು ಇಷ್ಟವೇ ಇರಲಿಲ್ಲ. ಪಟ್ಟಿ ಹಿಡಿದುಕೊಂಡು ಕಕ್ಕೂಸಿನವರೆಗೂ ಹೋದೆ. ಹೋಗಿ, ಚಿಲಕ ಹಾಕಿಕೊಂಡು ನಿಂತೆ.

ಅಲ್ಲಿ ನಿಂತಾಗ ತಲೆಗೆ ಬಂದದ್ದು ಇಷ್ಟು. ನುಂಗದ ಮಾತ್ರೆಯನ್ನು ನುಂಗಿದೆ ಎಂದು ಬರೆದರೆ, ನಾಳೆ ಚುಕ್ಕೆ ಕುಗ್ಗದಿದ್ದಾಗ ಮದ್ದು ಕೆಲಸ ಮಾಡಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ತಪ್ಪು ನನ್ನದು, ಹೆಸರು ಕೆಡುವುದು ಮದ್ದಿನದು. ನನ್ನ ಹಿಂದೆ ಬರುವ ಯಾವಳೋ ಒಬ್ಬಳಿಗೆ ಆ ಮದ್ದು ಸಿಗದೇ ಹೋದೀತು. ಹಾಸಿನಲ್ಲಿ ಒಂದು ಎಳೆ ಕಡಿದದ್ದನ್ನು ಗಂಟು ಹಾಕದೆ, ಯಾರಿಗೆ ಕಾಣುತ್ತದೆ ಬಿಡು ಎಂದು ನೇಯ್ದರೆ ಸೀರೆಯ ಉದ್ದಕ್ಕೂ ಗೀರು ಬೀಳುವುದಿಲ್ಲವೇ, ಹಾಗೆ. ಚಿಲಕ ತೆಗೆದು ನೇರ ನರ್ಸ್ ಶಿವಗಾಮಿಯ ಮೇಜಿಗೆ ಹೋಗಿ ಆರು ಮಾತ್ರೆಯನ್ನೂ ಅವಳ ಮುಂದಿಟ್ಟೆ. ಮಾತ್ರೆ ಎಣಿಸುವುದು ಅವಳದೇ ಕೆಲಸ. ಯಾಕಮ್ಮಾ ಎಂದಳು. ಅಮಾವಾಸ್ಯೆಯ ಕಥೆ ಹೇಳಿದೆ. ಆ ಹುಡುಗಿ ಎರಡು ಕೈಯಿಂದ ತಲೆ ಹಿಡಿದುಕೊಂಡು, "ಕ್ಯಾನ್ಸರುಕ್ಕು ಅಮಾವಾಸೆ ತೆರಿಯುಮಾಮ್ಮಾ?" ಎಂದಳು. ಕ್ಯಾನ್ಸರಿಗೆ ಅಮಾವಾಸ್ಯೆ ಗೊತ್ತಾ ಅಂತ! ಗೊತ್ತಿದ್ದರೆ ಅದೂ ರಜೆ ಹಾಕಿ ಹೋಗುತ್ತಿತ್ತಲ್ಲ, ಹೌದು. ಇಡೀ ಕೊಯಮತ್ತೂರಿಗೆ ಕೇಳುವ ಹಾಗೆ ಕೇಳಿದಳು, ನನಗೆ ನಾಚಿಕೆಯಾಗಿ ನೆಲ ನೋಡಿದೆ.

ಅವಳು ಒಳಗೆ ಹೋದಳು. ಒಂದು ಗಂಟೆ ನಾನು ಬೆಂಚಿನ ಮೇಲೆ ಕೂತಿದ್ದೆ, ಯಾವ ದೇವರನ್ನೂ ಬಿಡಲಿಲ್ಲ. ಆಮೇಲೆ ಮೋಹನ್ ರಾಜ್ ಕರೆದರು. ಬೈಯಲಿಲ್ಲ. ಹೆಸರು ಹೊಡೆಯುವುದಿಲ್ಲ, ಒಂದು ದಿನ ತಪ್ಪಿದ್ದನ್ನು ತಪ್ಪಿದೆ ಎಂದೇ ಬರೆದುಕೊಳ್ಳುತ್ತೇವೆ, ಬಚ್ಚಿಟ್ಟಿದ್ದರೆ ನಮ್ಮ ಲೆಕ್ಕವೆಲ್ಲ ಕೆಡುತ್ತಿತ್ತು ಎಂದರು. ಮೂರು ಮದ್ದು ಮೂರು ಕಡೆಯಿಂದ ಹೊಡೆಯುತ್ತಿವೆ, ಒಂದು ನಿಂತರೆ ಆ ಕಡೆಯ ಬಾಗಿಲು ತೆರೆದಿಟ್ಟ ಹಾಗೆ, ಇನ್ನು ಬಿಡಬೇಡಿ ಎಂದು ನಿಧಾನವಾಗಿ ತಿಳಿಸಿದರು. ಹೊರಗೆ ಬಂದಾಗ ರಾಮಾತಾಳ್ ಎದ್ದು ನಿಂತಿದ್ದಳು. ನನ್ನ ಮುಖ ನೋಡಿ ತಾನೂ ಒಳಗೆ ಹೋದಳು. ಆ ವಾರ ಶಿವಗಾಮಿ ಎಲ್ಲರಿಗೂ ಫೋನ್ ಮಾಡಿ ವಿಚಾರಿಸಿದಳಂತೆ. ಮಗ್ಗದ ಮನೆಗಳಿಂದ ಬಂದವರಲ್ಲಿ ಇನ್ನೂ ಐದು ಜನ ಅವತ್ತು ಮಾತ್ರೆ ಬಿಟ್ಟಿದ್ದರು. ತಿರುಪ್ಪೂರಿನ ಕರುಪ್ಪಸಾಮಿ ಎಂಬ ಮುದುಕ ಹುಣ್ಣಿಮೆಗೂ ಬಿಟ್ಟಿದ್ದನಂತೆ, ಅವನು ನನಗಿಂತ ಭಕ್ತ!

ನಾಲ್ಕು ಸುತ್ತಾದ ಮೇಲೆ ಸ್ಕ್ಯಾನ್ ಮಾಡಿದಾಗ ಎರಡು ಚುಕ್ಕೆಯೂ ಅರ್ಧಕ್ಕಿಂತ ಕಡಿಮೆಯಾಗಿದ್ದವು. ಜನವರಿಯಲ್ಲಿ ಕತ್ತರಿಸಿ ತೆಗೆದರು. ಉಳಿದ ನಾಲ್ಕು ಸುತ್ತು ಮುಗಿಸಿದೆ, ಒಂದೇ ಒಂದು ಮಾತ್ರೆ ಬಿಡಲಿಲ್ಲ. ಎರಡು ಮದ್ದು ಗೆದ್ದಿತೋ ಮೂರು ಮದ್ದು ಗೆದ್ದಿತೋ ಎಂಬ ಪೂರ್ತಿ ಲೆಕ್ಕ ಇನ್ನೂ ಬಂದಿಲ್ಲ, ಬರಲು ಒಂದೆರಡು ವರ್ಷ ಬೇಕಂತೆ. ರಾಮಾತಾಳ್ ಎರಡು ಮದ್ದಿನ ಗುಂಪು, ಅವಳೂ ಚೆನ್ನಾಗಿದ್ದಾಳೆ, ಆದ್ದರಿಂದ ನಾನು ಮೂರೇ ದೊಡ್ಡದು ಎಂದು ಜಂಬ ಕೊಚ್ಚುವುದಿಲ್ಲ. ಆದರೆ ಒಂದಕ್ಕೆ ಜಂಬ ಪಟ್ಟೇ ಪಡುತ್ತೇನೆ. ಈಗ ಆಸ್ಪತ್ರೆಯವರು ಕೊಡುವ ಡೈರಿಯಲ್ಲಿ ಪ್ರತಿ ಅಮಾವಾಸ್ಯೆಯ ಚೌಕದಲ್ಲೂ ಕಪ್ಪು ಚಂದ್ರನ ಚಿತ್ರ, ಅದರ ಕೆಳಗೆ "ಇಂದೂ ಮಾತ್ರೆ ಇದೆ" ಎಂದು ತಮಿಳಿನಲ್ಲಿ ಅಚ್ಚಾಗಿದೆ. ನಿನ್ನೆ ಹೊಸದಾಗಿ ಸೇರುವ ನಲವತ್ತು ಜನರ ಮುಂದೆ ನನ್ನನ್ನು ನಿಲ್ಲಿಸಿ ಮಾತಾಡಿಸಿದರು. ಮೈಕು ಕೊಟ್ಟರು, ಬೇಡ ಎಂದೆ, ಮಗ್ಗದ ಸದ್ದಿನಲ್ಲಿ ಮಾತಾಡಿದ ಗಂಟಲು ಇದು ಎಂದೆ. ಎಲ್ಲರೂ ನಕ್ಕರು. ನಿನ್ನ ಅಕ್ಕ ಇಲಿಯಾಗಿರಲಿಲ್ಲ ಕುಮರೇಶಾ, ಆ ಪರೀಕ್ಷೆ ನಡೆಸಿದವರಲ್ಲಿ ನಾನೂ ಒಬ್ಬಳು. ಈಗ ಒಪ್ಪಿಕೋ, ಒಪ್ಪದಿದ್ದರೂ ನನಗೇನೂ ಇಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ನಿನ್ನ ಭಾವ ಕೇಳಿದೆನೆಂದು ಬರೆ ಎಂದರು. ಕೃತ್ತಿಕಾ ತಾತನಿಗೆ ನಮಸ್ಕಾರ ಹೇಳಿದ್ದಾಳೆ. ಗೋಕಿಲಾಳಿಗೂ ಮಕ್ಕಳಿಗೂ ನನ್ನ ಮನಸಾರೆ ಆಶೀರ್ವಾದ. ನಿನಗೂ ಇದೆ, ಕೋಪ ಇಳಿದ ಮೇಲೆ ತೆಗೆದುಕೋ.

ನಿನ್ನ ಅಕ್ಕ,
ರುಕ್ಮಣಿ

ಮರೆತು ಕೆಳಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಇದೊಂದನ್ನು ಬರೆಯಲಿಕ್ಕೇ ಕಾಗದ ಹಿಡಿದದ್ದು, ಧೈರ್ಯ ಬರಲು ಇಷ್ಟು ಪುಟ ಬೇಕಾಯಿತು. ಗೋಕಿಲಾ ಹೋದ ವಾರ ನನಗೆ ಫೋನ್ ಮಾಡಿ ಅತ್ತಳು. ಐದು ತಿಂಗಳಿಂದ ನಿನಗೆ ಮಲದಲ್ಲಿ ರಕ್ತ ಹೋಗುತ್ತಿದೆಯಂತೆ, ಮೂಲವ್ಯಾಧಿ ಎಂದು ಅವಳ ಬಾಯಿ ಮುಚ್ಚಿಸಿದ್ದೀಯಂತೆ. ಅವಳನ್ನು ಬೈಯಬೇಡ, ಬೈದರೆ ನನ್ನಾಣೆ. ಒಡಹುಟ್ಟಿದವರು ತಪ್ಪದೆ ಕರುಳಿನೊಳಗೆ ಕ್ಯಾಮರಾ ಬಿಟ್ಟು ನೋಡಿಸಿಕೊಳ್ಳಬೇಕು ಎಂದು ಮೋಹನ್ ರಾಜ್ ನನಗೆ ಮೊದಲೇ ಹೇಳಿದ್ದರು. ನೀನು ಮಾತು ಬಿಟ್ಟಿದ್ದೀ ಎಂಬ ಸಿಟ್ಟಿಗೆ ನಾನೂ ಹೇಳದೆ ಕೂತೆ. ಅದು ನನ್ನ ಪಾಪ, ಕ್ಷಮಿಸು. ಇಪ್ಪತ್ತೈದನೇ ತಾರೀಕು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅದೇ ಆಸ್ಪತ್ರೆಯಲ್ಲಿ ನಿನ್ನ ಹೆಸರು ಬರೆಸಿದ್ದೇನೆ. ಭಾನುವಾರವೇ ಬಸ್ಸು ಹತ್ತು, ನಾನು ಬಸ್ ಸ್ಟ್ಯಾಂಡಿನಲ್ಲೇ ಇರುತ್ತೇನೆ. ನನಗೂ ಶುರುವಾದದ್ದು ಹೀಗೇ ತಮ್ಮಾ. ಮೂಲವ್ಯಾಧಿ ಎಂದು ಹೇಳಿಕೊಂಡು ನಾನು ಹನ್ನೊಂದು ತಿಂಗಳು ಕಳೆದೆ. ನಿನಗೆ ಇನ್ನೂ ಐದೇ ಆಗಿದೆ. ಬಾ.