ಅರ್ಧ ಬೆಟ್ಟ

ಜೂನ್ 3, ಬೆಳಿಗ್ಗೆ 5
ಅಲಾರಂ ಇಲ್ಲದೆ ಎಚ್ಚರ. ಹದಿನಾಲ್ಕು ವರ್ಷದ ಅಭ್ಯಾಸ. ಕೈ ಶೂ ಕಡೆ ಹೋಯಿತು... ಆಮೇಲೆ ಮಂಡಿ ನೆನಪಾಯಿತು. ಮೈಸೂರಿನ ಡಾಕ್ಟರು ಹೇಳಿದ್ದು: ನಡೆಯಬಹುದು, ನಿಧಾನ ಹತ್ತಬಹುದು. ಓಟ ಮಾತ್ರ ಇನ್ನಿಲ್ಲ.
ಕಿಟಕಿಯಲ್ಲಿ ಬೆಟ್ಟದಪುರದ ಬೆಟ್ಟ. ಆ ಮೆಟ್ಟಿಲಲ್ಲೇ ಓಡಿ ರಾಜ್ಯಮಟ್ಟಕ್ಕೆ ಹೋದೆ. ಪಿ.ಟಿ. ಮೇಷ್ಟ್ರು ಸಿದ್ದಯ್ಯನವರು ಕೆಳಗಿನಿಂದ ಕೂಗುತ್ತಿದ್ದರು— "ತಿರುಗಿ ನೋಡ್ಬ್ಯಾಡ ಕಣಮ್ಮ ಶೋಭಾ!" ಆ ಮಂಜು, ಆ ಕೂಗು... ಎಷ್ಟು ಚೆನ್ನಾಗಿತ್ತು.

ಜೂನ್ 9
ಅಂಗಡಿಯಲ್ಲಿ ಕೇಳಿದರು— "ಮುಂದಿನ್ ರೇಸು ಯಾವಾಗವ್ವಾ?" ಸಾಮಾನು ಅಲ್ಲೇ ಬಿಟ್ಟು ಬಂದೆ. ಓಟ ತೆಗೆದರೆ ನನ್ನಲ್ಲಿ ಏನು ಉಳಿಯುತ್ತೆ? ಇನ್ನು ಹೊರಗೆ ಹೋಗಲ್ಲ.

ಜುಲೈ 15, ಸೋಮವಾರ
ತಿಂಗಳಾಯಿತು ಬರೆದು. ಬರೆಯಲು ಏನೂ ಇರಲಿಲ್ಲ.
ಮನೆಯವರೆಲ್ಲ ಹೊಗೆಸೊಪ್ಪು ಮುರಿಯಲು ಹೊಲಕ್ಕೆ. ಅಜ್ಜಿಗೆ ಹಠ— ಬೆಟ್ಟ ಹತ್ತಿ ತುದಿಯ ಗುಡಿಯ ಸ್ವಾಮಿಯನ್ನು ನೋಡಬೇಕಂತೆ.
"ಎಪ್ಪತ್ತಾರು ನಿಂಗೆ!" ಅಂದೆ.
"ಅದ್ಕೇ ಕಣವ್ವ ನಿನ್ನ ಕರೀತಿರೋದು. ಬ್ಯಾರೆಯೋರು ನಂಗೆ ಕಾಯಾಕಿಲ್ಲ."
ಹತ್ತು ಮೆಟ್ಟಿಲಿಗೊಮ್ಮೆ ಕೂತೆವು. ಮೊದಮೊದಲು ಕಾಲು ಚಡಪಡಿಸಿತು. ಆಮೇಲೆ ಅಜ್ಜಿಯ ಮಾತು ಶುರು. ಮದುವೆಯಾದ ವರ್ಷ ತಾತನ ಜೊತೆ ಹತ್ತಿದ್ದು, ಯಾರೂ ಇಲ್ಲದ ತಿರುವಿನಲ್ಲಿ ತಾತ ಕೈ ಹಿಡಿದಿದ್ದು. ಒಂದೇ ಮನೆಯಲ್ಲಿದ್ದೂ ಗೊತ್ತಿರಲಿಲ್ಲ. ನಾನು ಯಾವಾಗ ಕೇಳಿದ್ದೆ?
ಅರ್ಧ ಬೆಟ್ಟದಲ್ಲಿ ಅಜ್ಜಿ ಮೇಲೆ ನೋಡಿ ಕೈಮುಗಿದಳು. "ಸಾಕು. ಸ್ವಾಮಿ ಇಲ್ಲಿಗೂ ಕಾಣ್ತಾನೆ."
"ಅರ್ಧಕ್ಕೇನಾ?"
"ನೀ ಓಡ್ತಿದ್ದಾಗ ನಾ ಕಂಡಿದ್ದು ಬರೀ ನಿನ್ ಬೆನ್ನು ಕಣವ್ವ. ಇವತ್ತು ಮಕ ಕಂಡೆ. ಇನ್ನೇನ್ ಬೇಕು?"
ಅಳು ತಡೆಯಲಾಗಲಿಲ್ಲ. ಅಜ್ಜಿ ಸೆರಗು ಚಾಚಿದಳು, ಅಷ್ಟೇ.

ಜುಲೈ 22
ನಾನು ಬೆಟ್ಟ ಹತ್ತಿಸಿದ್ದನ್ನು ಅಜ್ಜಿ ಊರಿಗೆಲ್ಲ ಹೇಳಿದ್ದಾಳೆ. ಪಕ್ಕದ ಮನೆಯ ಲಕ್ಷ್ಮಿದೇವಕ್ಕ ಕರೆಸಿದರು. ಲಕ್ವ ಹೊಡೆದ ಮೇಲೆ ಹೊಸಿಲು ದಾಟಿಲ್ಲ. "ನನ್ನೂ ಅಂಗೇ ನಡೆಸ್ತೀಯೇನವ್ವ?" ಭುಜ ಕೊಟ್ಟೆ. ನಾಲ್ಕು ಹೆಜ್ಜೆ. ಬೆವೆತುಹೋದರು, ನಕ್ಕರು.

ಆಗಸ್ಟ್ 19
ದಿನಾ ಸಂಜೆ ಲಕ್ಷ್ಮಿದೇವಕ್ಕನ ಮನೆಗೆ ಹೋಗುತ್ತಿದ್ದೇನೆ. ನಿನ್ನೆ ಅಂಗಳದ ತುದಿವರೆಗೆ ಬಂದರು. ಅಲ್ಲೇ ನಿಂತು ನನ್ನ ಮಂಡಿಯ ವಿಚಾರ ಕೇಳಿದರು. ಮೊದಲ ಸಲ ಎಲ್ಲ ಹೇಳಿಕೊಂಡೆ. ಹಗುರ ಅನಿಸಿತು.
ಇವತ್ತು ಹೊರಡಲು ತಡವಾಯಿತು. ಯಾರೋ ಕೂಗುತ್ತಿದ್ದಾರೆ— "ಶೋಭಾ... ಬಾರವ್ವ ಈಚೆಗೆ..." ಅವರದೇ ದನಿ. ಆದರೆ ಇಷ್ಟು ಹತ್ತಿರ... ನಮ್ಮ ಬಾಗಿಲಲ್ಲೇ! ಒಬ್ಬರೇ ಇಲ್ಲೀತನಕ ನಡೆದು—